ದಿವಂಗತ ತಳುಕಿನ ವೆಂಕಣ್ಣಯ್ಯನವರು

1885 ರಲ್ಲಿ ಜನಿಸಿ 1939 ರಲ್ಲಿ ದಿವಂಗತರಾದ ತಳುಕಿನ ವೆಂಕಣ್ಣಯ್ಯನವರ ಹೆಸರಿನಲ್ಲಿ ಉಳಿದಿರುವ ಗ್ರಂಥಗಳು ಕೆಲವೇ. ಅವುಗಳಲ್ಲೊಂದಾದ ‘ಹರಿಶ್ಚಂದ್ರಕಾವ್ಯ ಸಂಗ್ರಹ’ದಲ್ಲಿಯೂ ಮಿತ್ರರಾದ ಎ. ಆರ್. ಕೃಷ್ಣಶಾಸ್ತ್ರಿಗಳ ಹೆಸರು ಜೊತೆಗಿದೆ. ಇವರಿಬ್ಬರನ್ನೂ ಕನ್ನಡಿಗರು ಅಶ್ವಿನೀದೇವತೆಗಳೆಂದೇ ಕರೆದರು. ಒಬ್ಬರನ್ನು ನೆನೆದರೆ ಮತ್ತೊಬ್ಬರು ನೆನಪಾಗದಿರುವುದುಂಟೆ? ಅಂತಹ ಪಂಡಿತರು ಇಷ್ಟು ಕಡಮೆ ಬರೆದರಲ್ಲಾ ಎಂದು ಕೊರಗುವವರುಂಟು; ಅದು ನ್ಯಾಯವಾದ ಕೊರಗೇ. ಆದರೆ ಅವರ ಮನೆಯವರನ್ನೂ ಶಿಷ್ಯರನ್ನೂ ನೋಡಬೇಕು. ತಮ್ಮಂದಿರಾದ ಶಾಮರಾಯರು ವಿದ್ವಾಂಸರಾದರು. ಇನ್ನೊಬ್ಬ ಸೋದರರ ಮಗ ತ. ರಾ. ಸು. ಕಾದಂಬರಿಕಾರರೆಂದು ಹೆಸರಾದರು. ತತ್ತ್ವಶಾಸ್ತ್ರದತ್ತ ಮನಸ್ಸಿಟ್ಟಿದ್ದ ಕುವೆಂಪು ಅವರು ಎಂ. ಎ. ಪರೀಕ್ಷೆಗೆ ಕನ್ನಡವನ್ನಾರಿಸಿಕೊಂಡದ್ದು ಈ ಗುರುಗಳ ಮಾತಿನಿಂದ. ಆ ಶಿಷ್ಯರು ಕೈಗೊಂಡ ‘ಶ್ರೀರಾಮಾಯಣದರ್ಶನಂ’ ಮುಗಿಯುವ ಮುನ್ನವೇ ಗುರುಗಳು ತೀರಿಕೊಂಡರು. 1949 ರಲ್ಲಿ ಮುದ್ರಣಗೊಂಡ ಆ ಮಹಾಕಾವ್ಯದ ಅರ್ಪಣೆ ವೆಂಕಣ್ಣಯ್ಯನವರಿಗೇ; ಅಚ್ಚಿನ ಪ್ರತಿಯನ್ನು ಕೈಗೆತ್ತಿಕೊಳ್ಳುವ ಯೋಗ ಮಾತ್ರ ಅವರಿಗಿರಲಿಲ್ಲ.