ಎಸ್.ಪಿ. ರಸ್ತೆಗೆ ಒಂದು ಯಾತ್ರೆ

ಗೃಹಸ್ಥರು ಕಾಶಿ ರಾಮೇಶ್ವರಗಳಿಗೆ ಯಾತ್ರೆ ಹೋಗುವುದುಂಟು. ನಾವು ಈಚೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬಂದೆವು. ಕಾರಣವನ್ನು ಮೊದಲೇ ವಾಚಕರಲ್ಲಿ ನಿವೇದಿಸುತ್ತೇವೆ.

ಹನ್ನೊಂದು ವರ್ಷಗಳಿಂದ ನಮ್ಮ ಮನೆಯಲ್ಲಿದ್ದ ಮೊಬೈಲ್ ಫೋನಿನ ಗಾಜು ಬೆರಳಿನ ಮಾತನ್ನು ಕೇಳದಾಯಿತು. ಒಂದೆಡೆ ಮುಟ್ಟಿದರೆ ಇನ್ನೊಂದೆಡೆ ತೆರೆಯುವುದು. ಯಾರೂ ಮುಟ್ಟದಿರುವಾಗಲೂ ತಾನೇ ಅಕ್ಷರಗಳನ್ನು ಬರೆದುಕೊಳ್ಳುವುದು. “ಹೊಸದನ್ನು ಕಳುಹಿಸುತ್ತೇನೆ, ಅದನ್ನು ಎಸೆದುಬಿಡಿ ಅಪ್ಪಾ” ಎಂದು ದೂರದೇಶದಲ್ಲಿರುವ ಮಗನು ಹೇಳಿದನು. ಅವನ ಮಾತು ನ್ಯಾಯವಾದುದೇ. ಆದರೆ ನಮ್ಮ ಮಾತೃಶ್ರೀಯವರು ಎಂಬತ್ತೆರಡನೆಯ ವಯಸ್ಸಿನಲ್ಲಿ ಹೇಳಿದ ಏಳು ಹಸೆಯ ಹಾಡುಗಳು ಆ ಯಂತ್ರದೊಳಗಿದ್ದುವು. ಅವು ಅವರಿಗೆ ತಮ್ಮ ತಾಯಿಯಿಂದ ಬಾಯಿಪಾಠವಾಗಿ ಬಂದವು. ಯಾವ ಪುಸ್ತಕದಲ್ಲಿಯೂ ನಾವು ಕಂಡವಲ್ಲ. ಅವರು ತೀರಿಕೊಂಡು ಮೂರು ವರ್ಷಗಳಾಗಿವೆ. ಇನ್ನೊಂದು ಪ್ರತಿಯನ್ನು ತೆಗೆದಿರಿಸುವ ಬುದ್ಧಿ ನಮಗೆ ಬಂದಿರಲಿಲ್ಲ.

ಮೈಸೂರಿನಲ್ಲಿ ನಮ್ಮ ಬೀದಿಯ ರಿಪೇರಿಯವನು, “ಈ ಮಾದರಿಯ ಟಚ್ ಇಲ್ಲಿ ಸಿಗುವುದಿಲ್ಲ ಮೇಷ್ಟ್ರೇ, ಎಸ್.ಪಿ. ರೋಡಿನಲ್ಲಿ ವಿಚಾರಿಸಿ” ಎಂದನು. ಅದರಂತೆ ಒಂದು ಮುಂಜಾನೆ ರೈಲು ಹತ್ತಿದೆವು. ಮಂಡ್ಯದ ಕಬ್ಬಿನ ಗದ್ದೆಗಳೂ ರಾಮನಗರದ ಬಂಡೆಗಳೂ ಹಿಂದೆ ಸರಿದುವು. ಮೆಜೆಸ್ಟಿಕ್ಕಿನಿಂದ, ೨೦೧೭ರಲ್ಲಿ ತೆರೆದ ಸುರಂಗಮಾರ್ಗದ ಮೆಟ್ರೋದಲ್ಲಿ ಹೊರಟು, ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದು ಬೆಳಕಿಗೆ ಬಂದೆವು.

ಇದು ಬೆಂಗಳೂರಿನ ಹಳೆಯ ಪೇಟೆ. ಇಲ್ಲಿ ಬೀದಿಗೊಂದು ವ್ಯಾಪಾರ. ಚಿಕ್ಕಪೇಟೆಯಲ್ಲಿ ಸೀರೆ, ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ಜೆ.ಸಿ. ರಸ್ತೆಯಲ್ಲಿ ಮೋಟಾರಿನ ಬಿಡಿಭಾಗ. ಶಾಲೆಯ ಪುಸ್ತಕಗಳಿಗಾಗಿ ಅವೆನ್ಯೂ ರಸ್ತೆಗೆ ಎಷ್ಟೋ ಸಲ ಬಂದಿದ್ದರೂ ಪಕ್ಕದ ಎಸ್.ಪಿ. ರಸ್ತೆಗೆ ನಾವು ಕಾಲಿಟ್ಟಿರಲಿಲ್ಲ. ಅದು ಕಂಪ್ಯೂಟರಿನವರ ಮತ್ತು ವಿದ್ಯುದುಪಕರಣದವರ ಬೀದಿ. ತಂತಿಯ ಸುರುಳಿಗಳು ಬಾಗಿಲಿಗೆ ತೋರಣಗಳಂತೆ ತೂಗಾಡುವುವು. ಕಿರಿದಾದ ಅಂಗಡಿಗಳ ಒಳಗೆ ಬೆಸುಗೆಯ ಹೊಗೆ. ಹೊರಗೆ ಕೈಗಾಡಿ, ಸ್ಕೂಟರು, ಜನಜಂಗುಳಿ. ಸಾಸಿವೆಕಾಳಿನಷ್ಟು ಚಿಕ್ಕ ಭಾಗವನ್ನು ಕೇಳಿದರೂ ಯಾವುದೋ ಡಬ್ಬಿಯಿಂದ ತೆಗೆದುಕೊಡುವರು.

ಮೊದಲ ಅಂಗಡಿಯವನು ಫೋನನ್ನು ನೋಡಿ ನಕ್ಕು, ಹೊಸದನ್ನು ತೋರಿಸಿದನು. ಎರಡನೆಯವನು, “ಒಳಗಿರುವುದನ್ನೆಲ್ಲ ಅಳಿಸಿ ರೀಸೆಟ್ ಮಾಡೋಣ, ಸರಿಹೋದರೂ ಹೋದೀತು” ಎಂದು ಕೈಚಾಚಿದನು. ನಾವು ಫೋನನ್ನು ಹಿಂದಕ್ಕೆ ಸೆಳೆದುಕೊಂಡೆವು. ಮಹಡಿಯ ಮೇಲಿನ ಮೂರನೆಯ ಅಂಗಡಿಯಲ್ಲಿ ಇಪ್ಪತ್ತೈದರ ತರುಣನೊಬ್ಬನು ನಮ್ಮ ಕಥೆಯನ್ನು ಪೂರ್ತಿಯಾಗಿ ಕೇಳಿ, “ಮೇಷ್ಟ್ರೇ, ನಿಮಗೆ ಬೇಕಾದ್ದು ಫೋನೋ, ಒಳಗಿರುವುದೋ?” ಎಂದನು. ಇಷ್ಟು ಸರಳವಾದ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಂಡಿರಲಿಲ್ಲ.

ಬಿಚ್ಚುತ್ತ ಅವನು ವಿವರಿಸಿದನು. ಗಾಜಿಗೆ ಇಂಡಿಯಂ ಮತ್ತು ತವರಗಳ ಆಕ್ಸೈಡಿನ ಪಾರದರ್ಶಕವಾದ ಲೇಪವಿರುವುದು. ಅದರಲ್ಲಿ ಕ್ಷೀಣವಾದ ವಿದ್ಯುತ್ತು. ನಮ್ಮ ದೇಹವೂ ವಿದ್ಯುದ್ವಾಹಕವಾದುದರಿಂದ ಬೆರಳು ತಾಗಿದೆಡೆಯಲ್ಲಿ ಅದರ ಪ್ರಮಾಣ ವ್ಯತ್ಯಾಸವಾಗುವುದು. ಯಂತ್ರವು ಅದನ್ನು ಅಳೆದು ಸ್ಥಳವನ್ನು ಗುರುತಿಸುವುದು. ಒಣಗಿದ ಕಡ್ಡಿಯಿಂದ ಮುಟ್ಟಿದರೆ ಅದಕ್ಕೆ ತಿಳಿಯದಿರುವುದು ಇದರಿಂದಲೇ. ಇಂಗ್ಲೆಂಡಿನ ಜಾನ್ಸನ್ ಎಂಬವರು ೧೯೬೫ರಲ್ಲಿಯೇ ಈ ತತ್ತ್ವವನ್ನು ಪ್ರಕಟಿಸಿದ್ದರೆಂದು ಮುಂದೆ ಓದಿ ತಿಳಿದೆವು.

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನ. ಇಲ್ಲಿಯೂ ಹಾಗೆಯೇ ಆಯಿತು. ರೋಗವು ಕಂಡದ್ದು ಗಾಜಿನಲ್ಲಿ, ಮೂಲವಿದ್ದುದು ಬ್ಯಾಟರಿಯಲ್ಲಿ. ಅದು ಹಪ್ಪಳದಂತೆ ಉಬ್ಬಿ ಗಾಜನ್ನು ಒಳಗಿನಿಂದ ಒತ್ತುತ್ತಿದ್ದಿತು. “ಊದಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಚಾರ್ಜಿಗೂ ಹಾಕಬಾರದು, ಬೆಂಕಿ ಹೊತ್ತೀತು” ಎಂದು ಅವನು ಎಚ್ಚರಿಸಿದನು. ಅದನ್ನು ನಾವು ತಿಂಗಳುಗಟ್ಟಲೆ ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗಿದ್ದೆವು!

ಬೇರೆ ಬ್ಯಾಟರಿ ಹಾಕಿದ ಮೇಲೆ ಗಾಜಿನ ಮೇಲಿನರ್ಧಕ್ಕೆ ಪ್ರಜ್ಞೆ ಬಂದಿತು. ಕೆಳಗಿನರ್ಧ ಜಡವಾಗಿಯೇ ಉಳಿಯಿತು. ಬೀಗದ ಅಂಕೆಗಳನ್ನು ಒತ್ತಬೇಕಾದುದು ಅಲ್ಲಿಯೇ. ಆಗ ಅವನು ಓಟಿಜಿ ಎಂಬ ಮೋಟು ಕೇಬಲನ್ನು ಫೋನಿಗೆ ಸಿಕ್ಕಿಸಿ, ಅದಕ್ಕೆ ಕಂಪ್ಯೂಟರಿನ ಮೌಸನ್ನು ಜೋಡಿಸಿದನು. ಗಾಜಿನ ಮೇಲೆ ಪುಟ್ಟದೊಂದು ಬಾಣ ಮೂಡಿತು. ಬೆರಳು ಮಾಡಲಾರದ ಕೆಲಸವನ್ನು ಬಾಣವು ಮಾಡಿತು. ಬೀಗ ತೆರೆಯಿತು. ಏಳು ಹಾಡುಗಳೂ ಇದ್ದುವು. ಎರಡು ಪೆನ್‌ಡ್ರೈವುಗಳಿಗೆ ಅವನ್ನು ಇಳಿಸಿ, “ಕೇಳಿ ನೋಡಿ” ಎಂದು ಫ್ಯಾನನ್ನು ನಿಲ್ಲಿಸಿದನು. ಹಾಡಿಗೆ ಮೊದಲು ಅಮ್ಮ ಕೆಮ್ಮಿ, “ಶುರು ಮಾಡಲೇನೋ?” ಎಂದು ಕೇಳುವುದು ಆ ಗದ್ದಲದಲ್ಲಿಯೂ ಸ್ಪಷ್ಟವಾಗಿ ಕೇಳಿಸಿತು. ನಾವು ಸ್ವಲ್ಪ ಹೊತ್ತು ಮಾತನಾಡಲಿಲ್ಲ, ಅವನೂ ಆಡಲಿಲ್ಲ.

ಹೊಸ ಗಾಜು ಹಾಕಿಸೋಣವೇ ಎಂದುದಕ್ಕೆ, “ದುಡ್ಡು ದಂಡ ಮೇಷ್ಟ್ರೇ, ಇನ್ನು ಇದಕ್ಕೆ ವಿಶ್ರಾಂತಿ ಕೊಡಿ” ಎಂದು, ಬ್ಯಾಟರಿಗೂ ಕೆಲಸಕ್ಕೂ ಸೇರಿ ಆರುನೂರು ರೂಪಾಯಿ ಮಾತ್ರ ತೆಗೆದುಕೊಂಡನು.

ಮರಳುವಾಗ ರೈಲಿನಲ್ಲಿ ನಮ್ಮೂರಿನ ಒಂದು ವೃತ್ತಾಂತ ನೆನಪಾಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಪ್ರಕಟಿಸಿದರು. ಆ ಗರಿಗಳು ಕೌಟಿಲ್ಯನ ಕಾಲದವಲ್ಲ. ಗರಿ ಶಿಥಿಲವಾಗುವ ಮೊದಲೇ ಯಾರೋ ಲಿಪಿಕಾರರು ಅದನ್ನು ಹೊಸ ಗರಿಗೆ ಇಳಿಸುತ್ತ ಬಂದುದರಿಂದ ಗ್ರಂಥ ಉಳಿಯಿತು. ಇದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ನಾವೇ ನಮ್ಮ ಮನೆಯಲ್ಲಿ ಮರೆತಿದ್ದೆವು.

ಈಗ ಒಂದು ಪ್ರತಿ ನಮ್ಮಲ್ಲಿಯೂ ಇನ್ನೊಂದು ತಂಗಿಯ ಮನೆಯಲ್ಲಿಯೂ ಇದೆ. ತಂಗಿಯು ಕೇಳಿ, ನಾಲ್ಕನೆಯ ಹಾಡಿನಲ್ಲಿ ಅಮ್ಮ ಒಂದು ನುಡಿಯನ್ನು ಬಿಟ್ಟಿದ್ದಾರೆಂದು ಹೇಳಿ, ಅದನ್ನು ತಾನೇ ಹಾಡಿ ತುಂಬಿದಳು. ವಾಚಕರ ಮನೆಯಲ್ಲಿಯೂ ಇಂಥದೊಂದು ಹಳೆಯ ಫೋನು ಪೆಟ್ಟಿಗೆಯ ಮೂಲೆಯಲ್ಲಿದ್ದರೆ, ರಿಪೇರಿಯೋ ಹೊಸದೋ ಎಂಬ ವಿಚಾರ ನಾಳೆಗಿರಲಿ. ಒಳಗಿರುವುದನ್ನು ಇಂದೇ ಇಳಿಸಿಕೊಳ್ಳಬೇಕೆಂದು ಬೇಡುತ್ತೇವೆ.