ಹಿಮದ ಹಕ್ಕಿಯ ಉಗುಳು

ಒಲೆಯ ಹೊಗೆ ಇಷ್ಟು ಸುಳಿದರೇ ಮೂಗು ಮುಚ್ಚಿಕೊಳ್ಳುತ್ತೀರಲ್ಲ, ಅಂಟಾರ್ಕ್ಟಿಕಾದಲ್ಲಿ ನನ್ನ ಜಾಕೆಟ್ಟಿಗೆ ಅಂಟಿದ ವಾಸನೆ ಮೂಸಿದ್ದರೆ ಊರು ಬಿಟ್ಟೇ ಓಡುತ್ತಿದ್ದಿರಿ.

ಆಗ ನಾನು ನಮ್ಮ ದೇಶದ ಮೈತ್ರಿ ನೆಲೆಯಲ್ಲಿ ಅಡುಗೆಯವನು. ಅಲ್ಲಿ ಬೇಸಿಗೆಯೆಂದರೆ ಡಿಸೆಂಬರ್, ಜನವರಿ. ಸೂರ್ಯ ಮುಳುಗುವುದೇ ಇಲ್ಲ. ಗಾಣದೆತ್ತಿನ ಹಾಗೆ ಆಕಾಶದಲ್ಲಿ ಸುತ್ತುತ್ತಲೇ ಇರುತ್ತಾನೆ. ಭೂವಿಜ್ಞಾನಿಗಳ ತಂಡವೊಂದು ದಕ್ಷಿಣದ ವೊಲ್ಥಾಟ್ ಪರ್ವತಗಳ ಕಡೆ ಡೇರೆ ಹಾಕಲು ಹೊರಟಿತು. ಅವರ ಹೊಟ್ಟೆ ನೋಡಿಕೊಳ್ಳಲಿ ಎಂದು ನನ್ನನ್ನೂ ಹೆಲಿಕಾಪ್ಟರ್ ಹತ್ತಿಸಿದರು.

ಕೆಳಗೆಲ್ಲ ಬಿಳುಪು. ಆ ಬಿಳುಪನ್ನು ಸೀಳಿಕೊಂಡು ಒಂದು ಒಂಟಿ ಕಲ್ಲುಬೆಟ್ಟ. ನುನಾಟಕ್ ಎನ್ನುತ್ತಾರೆ. ಕಣ್ಣಿಗೆ ಬೀಳುವುದು ತಲೆ ಮಾತ್ರ, ಮೈಯೆಲ್ಲ ಹಿಮಗಡ್ಡೆಯೊಳಗೆ ಹೂತಿರುತ್ತದೆ. ಡೇರೆಯಿಂದ ನೋಡಿದರೆ ಇಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ. ನಡೆಯತೊಡಗಿದ ಮೇಲೆ ಗೊತ್ತಾಯಿತು ನೋಡಿ! ಗಾಳಿಯಲ್ಲಿ ಧೂಳಿಲ್ಲ, ಅಳತೆಗೆ ಒಂದು ಮರವಿಲ್ಲ, ಮನೆಯಿಲ್ಲ. ದೂರ ಎಷ್ಟೆಂದು ಕಣ್ಣು ಹೇಗೆ ಹೇಳೀತು? ಕಾಲು ಸೋತರೂ ಬೆಟ್ಟ ಇದ್ದಷ್ಟೇ ಇತ್ತು.

ಕೊನೆಗೂ ಬುಡ ಮುಟ್ಟಿದರೆ ಅಲ್ಲೊಂದು ಕಂದಕ. ಗಾಳಿ ಬಂಡೆಗೆ ಬಡಿದು ಸುಳಿಸುಳಿದು ಹಿಮವನ್ನು ಕೊರೆದಿತ್ತು; ಕಪ್ಪು ಕಲ್ಲು ಬಿಸಿಲು ಕುಡಿದು ಅಂಚನ್ನು ಕರಗಿಸಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದೆವು, ಆಚೆ ಹತ್ತಿದೆವು.

ಹಿಡಿತಕ್ಕೆಂದು ಬಂಡೆಯ ಬಿರುಕಿಗೆ ಕೈ ಚಾಚಿದೆ. ಒಳಗೆ ಎರಡು ಕರಿಗಣ್ಣು! ಪಾರಿವಾಳದಷ್ಟು ದೊಡ್ಡ ಹಕ್ಕಿ, ಅಚ್ಚ ಬಿಳಿ, ಕೊಕ್ಕು ಮಾತ್ರ ಕಪ್ಪು. ಸ್ನೋ ಪೆಟ್ರೆಲ್. ಮೊಟ್ಟೆಯ ಮೇಲೆ ಕೂತಿತ್ತೋ ಏನೋ, ಎದ್ದು ಹಾರಲಿಲ್ಲ. ಕುತ್ತಿಗೆ ಕೊಂಕಿಸಿ ಫಚ್ ಎಂದು ಉಗುಳಿತು, ನೇರ ನನ್ನೆದೆಗೆ. ಕಿತ್ತಳೆ ಬಣ್ಣದ ಎಣ್ಣೆ. ಕೊಳೆತ ಮೀನನ್ನು ಮತ್ತೆ ಕೊಳೆಹಾಕಿದಂಥ ನಾತ!

ನಾನು ವಾಕರಿಸುತ್ತಿದ್ದರೆ ನಮ್ಮ ತಂಡದ ಮುಖ್ಯಸ್ಥರ ಮುಖ ಅರಳಿತ್ತು. ಆ ಕಡೆ ಹಕ್ಕಿಯಿಲ್ಲದ ಒಂದು ಹಳೆಯ ಗೂಡು ಸಿಕ್ಕಿತ್ತು ಅವರಿಗೆ. ಅದರ ಬಾಯಲ್ಲಿ ಮೇಣದಂತೆ ಗಟ್ಟಿಯಾದ ಹಳದಿ ಪದರಗಳು. ಅಲ್ಲಿಂದ ಕಡಲು ನೂರೈವತ್ತು ಕಿಲೋಮೀಟರ್ ಆಚೆ. ಈ ಹಕ್ಕಿಗಳು ಅಷ್ಟು ದೂರ ಹೋಗಿ ಮೀನು, ಕ್ರಿಲ್ ತಿಂದು ಬಂದು, ತಲೆತಲಾಂತರದಿಂದ ಒಂದೇ ಬಿರುಕಿನಲ್ಲಿ ಉಗುಳುತ್ತ ಬಂದಿವೆಯಂತೆ. ಆ ಪದರದ ವಯಸ್ಸು ಅಳೆದರೆ ಈ ಕಲ್ಲು ಎಂದಿನಿಂದ ಹಿಮದ ಹೊರಗಿದೆ ಎಂದು ತಿಳಿಯುತ್ತದೆ. ವೊಲ್ಥಾಟ್ ಸೀಮೆಯಲ್ಲೇ 30,000 ವರ್ಷಕ್ಕಿಂತ ಹಳೆಯದು ಸಿಕ್ಕಿದೆ ಎಂದರು. ಹೇಳುತ್ತಲೇ ಉಳಿಯಿಂದ ಒಂದು ಚೂರು ಎಬ್ಬಿಸಿ ಚೀಲಕ್ಕೆ ಹಾಕಿದರು, ಪ್ರಸಾದ ತೆಗೆದುಕೊಂಡಷ್ಟು ಭಕ್ತಿಯಿಂದ.

ಜಾಕೆಟ್ಟನ್ನು ಡೇರೆಯ ಹೊರಗೆ ಕಲ್ಲು ಹೇರಿ ಇಟ್ಟೆ. ಕೈ ಎಷ್ಟು ತಿಕ್ಕಿದರೂ ನಾತ ಹೋಗಲಿಲ್ಲ. ಆ ರಾತ್ರಿ ನಾನು ಮಾಡಿದ ಖಿಚಡಿ ಯಾರಿಗೂ ಬೇಡವಾಯಿತು. ಎಲ್ಲರೂ ಬಿಸ್ಕತ್ತು ತಿಂದು ಮಲಗಿದರು. ಮುಖ್ಯಸ್ಥರೊಬ್ಬರು ಮಾತ್ರ ಎರಡು ಸಲ ಬಡಿಸಿಕೊಂಡರು. ಅವರ ಕೈ ನನ್ನದಕ್ಕಿಂತ ಹೆಚ್ಚು ನಾರುತ್ತಿತ್ತು.