ಮೇಲುಕೋಟೆಯಲ್ಲಿ ಒಂದು ಹಳೇ ಕ್ಯಾಮ್‌ಕಾರ್ಡರ್ ಪರೀಕ್ಷೆ

ವಾಪಸ್ ಕೊಡೋಕೆ ಏಳು ದಿನ ಟೈಮ್ ಇತ್ತು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಪುಟ್ಟ ಅಂಗಡಿಯಲ್ಲಿ 6,500 ರೂಪಾಯಿಗೆ ಸಿಕ್ಕ ರಿಫರ್ಬಿಶ್ಡ್ ಕ್ಯಾಮ್‌ಕಾರ್ಡರ್. ಫುಲ್ ಎಚ್‌ಡಿ, 30 ಪಟ್ಟು ಆಪ್ಟಿಕಲ್ ಜೂಮ್, ಮೈಮೇಲೆ ಎರಡು ಗೀರು. “ಏನೇ ಇದ್ರೂ ಏಳು ದಿನದೊಳಗೆ ತನ್ನಿ ಸಾರ್, ಆಮೇಲೆ ನನ್ನ ಕೇಳಬೇಡಿ” ಅಂದಿದ್ದ ಅಂಗಡಿಯವನು.

ಆಫೀಸಿನಲ್ಲಿ ತೋರಿಸಿದಾಗ ಎಲ್ಲರದ್ದೂ ಒಂದೇ ಪ್ರಶ್ನೆ. “ಫೋನಲ್ಲೇ 4ಕೆ ಬರುತ್ತಲ್ಲ ಗುರೂ, ಇದ್ಯಾಕೆ?”

ನಕ್ಕು ಸುಮ್ಮನಾದೆ. ಉತ್ತರ ಇರಲಿಲ್ಲ ಅಂತಲ್ಲ. ಅಮ್ಮ ಹೋಗಿ ಮೂರು ವರ್ಷ. ಅವರ ಫೋಟೋ ನೂರಾರಿವೆ. ವಿಡಿಯೊ ಅಂತ ಇದ್ದ ಚೂರುಪಾರು, ಫೋನ್ ಬದಲಾಯಿಸುವಾಗ ನನ್ನ ಅಜಾಗರೂಕತೆಯಿಂದಲೇ ಅಳಿಸಿಹೋದವು. ಈಗ ಉಳಿದಿರೋದು 11 ಸೆಕೆಂಡಿನ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್. “ಊಟ ಆಯ್ತಾ? ಆದ್ಮೇಲೆ ಫೋನ್ ಮಾಡು.” ಅಷ್ಟೇ.

ಅಪ್ಪನ ವಿಷಯದಲ್ಲಿ ಹಾಗಾಗಬಾರದು ಅನ್ನಿಸಿತ್ತು. ಆದರೆ ಫೋನ್ ಎತ್ತಿ ಹಿಡಿದ ತಕ್ಷಣ ಅಪ್ಪ ಬಿಗಿಯಾಗಿ ನಿಂತುಬಿಡುತ್ತಾರೆ, ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ. ಅಷ್ಟರಲ್ಲಿ ನನಗೂ ಯಾವುದೋ ಕಾಲ್ ಬಂದಿರುತ್ತದೆ.

ಶುಕ್ರವಾರ ರಾತ್ರಿ ರೂಮಿನಲ್ಲಿ ಮೊದಲ ಸುತ್ತಿನ ಪರೀಕ್ಷೆ ಮಾಡಿದೆ. ಟಾರ್ಚ್ ಬಿಟ್ಟು ಲೆನ್ಸಿನೊಳಗೆ ನೋಡಿದೆ, ಜೇಡರಬಲೆಯಂಥ ಫಂಗಸ್ ಇಲ್ಲ. ಜೂಮ್ ಹಿಂದೆ ಮುಂದೆ ಸರಾಗ. ತಾರೀಕು ಮಾತ್ರ ಆಫ್ ಮಾಡಿ ಆನ್ ಮಾಡಿದಾಗೆಲ್ಲ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಬ್ಯಾಟರಿ ಒಂದು ಗಂಟೆಗೇ ಸುಸ್ತು. ಒಳಗಿನ ಮೆಮೊರಿ ಫಾರ್ಮ್ಯಾಟ್ ಮಾಡಿ, 16 ಜಿಬಿ ಕಾರ್ಡ್ ಹಾಕಿದೆ. 17 ಎಂಬಿಪಿಎಸ್‌ನಲ್ಲಿ ಸುಮಾರು ಎರಡು ಗಂಟೆ ಹಿಡಿಯುತ್ತದೆ.

ಎರಡನೇ ಸುತ್ತಿಗೆ ಶನಿವಾರ ಬೆಳಗ್ಗೆ ಮಂಡ್ಯಕ್ಕೆ ಹೋಗಿ, ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಮೇಲುಕೋಟೆಗೆ ಹೊರಟೆ. ಜಕ್ಕನಹಳ್ಳಿ ದಾಟಿದ ಮೇಲೆ ಯೋಗಾನರಸಿಂಹನ ಬೆಟ್ಟ ಕಾಣಿಸಿತು. ಅಪ್ಪ ಮಾತು ನಿಲ್ಲಿಸಿ ಕೈಮುಗಿದರು. ಮೊದಲೆಲ್ಲ ವರ್ಷಕ್ಕೊಮ್ಮೆಯಾದರೂ ಆ ಬೆಟ್ಟ ಹತ್ತುತ್ತಿದ್ದವರು. ಮಂಡಿ ಆಪರೇಷನ್ ಆದ ಮೇಲೆ ಹತ್ತಿಲ್ಲ.

ಕಲ್ಯಾಣಿಯ ಸುತ್ತಲಿನ ಕಲ್ಲುಮಂಟಪದ ನೆರಳಲ್ಲಿ ಕೂತೆವು. ಕ್ಯಾಮ್‌ಕಾರ್ಡರನ್ನು ಮೆಟ್ಟಿಲ ಮೇಲೆ ಇಟ್ಟು, ಅಡಿಗೆ ಕರವಸ್ತ್ರ ಮಡಿಚಿ ಕೊಟ್ಟು, ರೆಕಾರ್ಡ್ ಒತ್ತಿದೆ.

“ಏನಾದ್ರೂ ಮಾತಾಡಿ ಅಪ್ಪಾ, ಮೈಕ್ ನೋಡ್ಬೇಕು.”

“ಏನ್ ಮಾತಾಡ್ಲಿ? ಒಂದು, ಎರಡು, ಮೂರು... ಸಾಕಾ?”

“ಸಾಕಾಗಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಕ್ಯಾಮೆರಾ ಅವರ ಕಡೆ ತಿರುಗಿದ್ದರೂ ಅದರ ಹಿಂದೆ ಯಾರೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದೆ. ಅದಕ್ಕೇ ಇರಬೇಕು, ಮೆಲ್ಲಗೆ ಶುರು ಮಾಡಿದರು.

“ಮದುವೆ ಆದ ವರ್ಷ ನಿಮ್ಮಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೆ. ಹೊಸ ಚಪ್ಪಲಿ ಹಾಕ್ಕೊಂಡಿದ್ಲು. ಕೆಳಗೆ ಬಿಟ್ರೆ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ ಅಂತ ಪೇಪರಲ್ಲಿ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಬೆಟ್ಟ ಹತ್ತಿದ್ಲು. ಮೇಲೆ ಹೋದ್ಮೇಲೆ ಗುಡಿ ಒಳಕ್ಕೆ ಹೋಗೋ ಹಂಗಿಲ್ಲ, ಹೊರಗೆ ಇಡೋಕೆ ಮನಸ್ಸಿಲ್ಲ. ದೇವರು ಬೇಕಾ ಚಪ್ಪಲಿ ಬೇಕಾ ಅಂತ ಕೇಳ್ದೆ. ಮೊದಲು ನೀವು ನೋಡ್ಕೊಂಡು ಬನ್ನಿ, ಆಮೇಲೆ ನೀವು ಚಪ್ಪಲಿ ಹಿಡ್ಕೊಳ್ಳಿ ಅಂದ್ಲು!”

ಈ ಕತೆ ನಾನು ಕೇಳಿಯೇ ಇರಲಿಲ್ಲ. ಮೈಕ್ ಟೆಸ್ಟ್ ಅಂತ ಶುರುವಾದದ್ದು 22 ನಿಮಿಷ ನಡೆಯಿತು.

ಆಮೇಲೆ ಅಪ್ಪನೇ ಹೇಳಿದರು, “ನೀನು ಹೋಗಿ ಬಾ. ನಾನು ಇಲ್ಲೇ ಕೂತಿರ್ತೀನಿ.”

ಮೆಟ್ಟಿಲುದ್ದಕ್ಕೂ ಕೋತಿಗಳು. ಕೈಯಲ್ಲಿ ಹೊಳೆಯುವ ಸಾಮಾನು ಕಂಡರೆ ಬಿಡುವುದಿಲ್ಲ, ಹಾಗಾಗಿ ಕ್ಯಾಮ್‌ಕಾರ್ಡರ್ ಬ್ಯಾಗಿನಲ್ಲೇ ಇತ್ತು. ದರ್ಶನ ಮುಗಿಸಿ ಹೊರಬಂದು, ಊರು ಕಾಣುವ ಕಡೆ ನಿಂತು ತೆಗೆದೆ. ಕೆಳಗೆ ಕಲ್ಯಾಣಿ, ಅಂಗೈಯಗಲದ ಹಸಿರು ಚೌಕ. ಮೊದಲು ಫೋನಿನಲ್ಲಿ ಎಳೆದು ನೋಡಿದೆ. ಮಂಟಪ ಕಂಡಿತು, ಜನ ಬರೀ ಚುಕ್ಕೆ. ಫೋನು ಹೆಚ್ಚಾಗಿ ಚಿತ್ರದ ಒಂದು ತುಂಡನ್ನು ಕತ್ತರಿಸಿ ಹಿಗ್ಗಿಸುತ್ತದೆ. ಕ್ಯಾಮ್‌ಕಾರ್ಡರಿನಲ್ಲಿ ಹಾಗಲ್ಲ, ಲೆನ್ಸೊಳಗಿನ ಗಾಜುಗಳೇ ಸರಿದಾಡುತ್ತವೆ, ಹಾಗಾಗಿ ಚಿತ್ರ ಒಡೆಯುವುದಿಲ್ಲ. ಆದರೆ 30 ಪಟ್ಟಿನಲ್ಲಿ ಉಸಿರಾಡಿದರೂ ಅಲುಗುತ್ತದೆ. ಮೊಣಕೈ ಎರಡನ್ನೂ ಗೋಡೆಗೆ ಊರಿ ಹುಡುಕಿದೆ.

ಸಿಕ್ಕರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಆದರೆ ಕೂತಿರಲಿಲ್ಲ.

ಅಪ್ಪ ಕಲ್ಯಾಣಿಯ ಮೆಟ್ಟಿಲು ಇಳಿಯುತ್ತಿದ್ದರು. ಒಂದೊಂದೇ, ಎಡಗಾಲು ಮೊದಲು. ನಾಲ್ಕು ಇಳಿದು ನಿಂತರು. ತಿರುಗಿ ನಾಲ್ಕು ಹತ್ತಿದರು. ಮಂಡಿ ನೀವಿಕೊಂಡರು. ಮತ್ತೆ ಇಳಿದರು, ಈ ಸಲ ಐದು. ನಾನು ರೆಕಾರ್ಡ್ ನಿಲ್ಲಿಸಲಿಲ್ಲ. ಕೊನೆಗೆ ಅವರು ತಲೆಯೆತ್ತಿ ಬೆಟ್ಟದ ಕಡೆ ನೋಡಿದರು, ನೇರ ಲೆನ್ಸಿಗೇ ನೋಡಿದ ಹಾಗೆ. ನಾನು ಕಾಣುವಷ್ಟು ಹತ್ತಿರ ಅವರಿಗೆ ಇರಲಿಲ್ಲ.

ಕೆಳಗಿಳಿದು ಬಂದಾಗ ಮೊದಲಿನ ಜಾಗದಲ್ಲೇ ಕೂತಿದ್ದರು. “ಹೊತ್ತು ಹೋಯ್ತಾ ಅಪ್ಪಾ?” ಅಂದೆ. “ಹ್ಞೂಂ, ಸುಮ್ನೆ ಕೂತಿದ್ದೆ” ಅಂದರು.

ಸಂಜೆ ರಾಯಗೋಪುರಕ್ಕೆ ಹೋದೆವು. ಮುಗಿಯದೇ ನಿಂತ ಹೆಬ್ಬಾಗಿಲು ಅದು. ಎತ್ತರದ ಕಂಬಗಳ ಮೇಲೆ ಗೋಪುರದ ಬದಲು ಆಕಾಶ. ಬಿಸಿಲಿರುವವರೆಗೂ ಚಿತ್ರ ಚೆನ್ನಾಗಿತ್ತು. ಸೂರ್ಯ ಮುಳುಗಿದ್ದೇ ತಡ, ಕಂಬಗಳ ಮೇಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ನಾಯ್ಸ್. ಇಷ್ಟು ಚಿಕ್ಕ ಸೆನ್ಸರಿಗೆ ಮಬ್ಬುಗತ್ತಲು ಆಗಿಬರುವುದಿಲ್ಲ. ಅಲ್ಲಿ ಫೋನೇ ಗೆದ್ದಿತು, ಅನುಮಾನವೇ ಇಲ್ಲ. ಗಾಳಿ ಬೀಸಿದಾಗ ಮೈಕಿನಲ್ಲಿ ಬರೀ ಗುರ್ ಗುರ್.

ರಾತ್ರಿ ಮಂಡ್ಯದ ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿದರೆ, ಓಡುವ ಕೋತಿಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು. ಹೆದರಬೇಡಿ, ಅದು ರಿಪೇರಿ ವಿಷಯ ಅಲ್ಲ. 2006ರಲ್ಲಿ ಬಂದ ಎವಿಸಿಎಚ್‌ಡಿ ಫಾರ್ಮ್ಯಾಟಿನ ಈ ಥರದ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧರ್ಧ ಚಿತ್ರ ಹಿಡಿಯುತ್ತವೆ. ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿದರೆ ಸರಿಹೋಗುತ್ತದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ನೇರ ಟಿವಿಗೆ ಹಾಕಿದಾಗ ಗೆರೆಯೇ ಕಾಣಲಿಲ್ಲ.

ಟಿವಿಯಲ್ಲಿ ಮೊದಲು ಚಪ್ಪಲಿ ಕತೆ ಬಂತು. ಅಪ್ಪ ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಬೆಟ್ಟದ ಮೇಲಿನದು. ಬಿಳಿ ಅಂಗಿ ಮೆಟ್ಟಿಲು ಇಳಿಯುವುದು ಕಂಡಾಗ ನಗು ನಿಂತಿತು.

“ಅಲ್ಲಿಂದ ಕಾಣ್ತಿತ್ತಾ?”

“ಕಾಣ್ತಿತ್ತು.”

ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಏಳು ಆಯ್ತು ಕಣೋ ಕೊನೆಗೆ. ನೀನು ಬರೋ ಹೊತ್ತಿಗೆ.”

ಏಳನೇ ದಿನ ಎಸ್.ಪಿ. ರೋಡಿಗೆ ಹೋದೆ. ನನ್ನ ಕೈಯಲ್ಲಿ ಡಬ್ಬ ನೋಡಿ ಅಂಗಡಿಯವನ ಮುಖ ಸಣ್ಣಗಾಯಿತು. “ಏನ್ ಸಾರ್, ಪ್ರಾಬ್ಲಮ್ಮಾ?”

ಪ್ರಾಬ್ಲಮ್ ಪಟ್ಟಿ ನನ್ನ ಹತ್ತಿರ ಉದ್ದಕ್ಕೇ ಇತ್ತು. ತಾರೀಕು ನಿಲ್ಲಲ್ಲ, ಕತ್ತಲಲ್ಲಿ ಕಾಣಲ್ಲ, ಗಾಳಿಗೆ ಮಾತು ಕೇಳಲ್ಲ.

“ಇದಕ್ಕೆ ಇನ್ನೊಂದು ಬ್ಯಾಟರಿ ಸಿಗುತ್ತಾ?” ಅಂತ ಕೇಳಿದೆ. “ಬೆಟ್ಟ ಹತ್ತೋವಾಗ ಬೇಕು. ಸ್ವಲ್ಪ ನಿಧಾನಕ್ಕೆ ಹತ್ತೋರು ಜೊತೆಗಿರ್ತಾರೆ.”